ಹಮ್ಮಿಗಿಯದಲ್ಲದ ಜೋಗುಳ

ನವೆಂಬರ್ 3, ಬೆಳಗಿನ 5.10

ನಲ್ಲಿ ನೀರು ಖಾಲಿ ಕೊಡಕ್ಕೆ ಬಿದ್ದ ಸದ್ದಿಗೆ ಎಚ್ಚರ. ಎಂಟು ದಿನಕ್ಕೆ ಬಂದ ನೀರು. ಹಿತ್ತಲಲ್ಲಿ ಅತ್ತೆ ಒಬ್ಬರೇ ತುಂಬುತ್ತಿದ್ದಾರೆ, ಏಳಬೇಕು. ಅಷ್ಟರಲ್ಲಿ ಅಂಕಿತಾ ಎದ್ದಳು. ಅಳು. ಐದು ತಿಂಗಳ ಕೂಸಿಗೆ ಅಷ್ಟು ದನಿ ಎಲ್ಲಿಂದ ಬರುತ್ತದೋ...

ಫೋನಿನಲ್ಲಿ ಹಾಡು ಹಚ್ಚಿದೆ, ಸಣ್ಣ ವಾಲ್ಯೂಮ್. ಜಪಾನಿನ ಮೂರು ಹುಡುಗಿಯರ ಮೆಟಲ್ ಗುಂಪು. ಮುಂದೆ ಜಡೆ ಕುಣಿಸುತ್ತ ಹಾಡು, ಹಿಂದೆ ಗಿಟಾರಿನ ಆರ್ಭಟ, ಎರಡೂ ಕಾಲಲ್ಲಿ ಬಾರಿಸುವ ಡ್ರಮ್. ಹದಿನೈದು ಸೆಕೆಂಡಿಗೆ ಸುಮ್ಮನಾದಳು. ಇದೊಂದಕ್ಕೇ ಸುಮ್ಮನಾಗುವುದು.

ಧಾರವಾಡದ ಹಾಸ್ಟೆಲ್‌ನಲ್ಲಿ ನಾನೂ ನಸ್ರೀನೂ ಒಂದೇ ಇಯರ್‌ಫೋನ್ ಹಂಚಿಕೊಂಡು ಕೇಳಿದ ಹಾಡುಗಳು. ಅವಳ ಅಪ್ಪ ತೀರಿಕೊಂಡ ವಾರ ಬೇರೇನೂ ಕೇಳಲಿಲ್ಲ ನಾವು. ಒಂದು ಅಕ್ಷರದ ಅರ್ಥವೂ ಗೊತ್ತಿಲ್ಲ.

ಅತ್ತೆ ಬಾಗಿಲಲ್ಲಿ. “ಏನ್ ಹಚ್ಚೀಯವಾ ಅದು? ಗಿರಣಿ ಚಾಲೂ ಮಾಡಿದಂಗ ಆಗೇತಿ!”

“ಅಡ್ವರ್ಟೈಸ್ ರೀ ಅತ್ತಿ.” ಬಂದ್ ಮಾಡಿದೆ. ಸುಳ್ಳು ಎಷ್ಟು ಸಲೀಸು.

ಲಕ್ಷ್ಮೇಶ್ವರದಲ್ಲಿ ಯಾರ ಮನೆಯ ತೊಟ್ಟಿಲ ಕಾರ್ಯವಿದ್ದರೂ ಜೋಗುಳಕ್ಕೆ ನೀಲಗಂಗವ್ವನೇ ಬೇಕು. ಆಕೆಯ ಸೊಸೆ ನಾನು. ಒಂದು ಜೋಗುಳವೂ ಬರುವುದಿಲ್ಲ.

ನವೆಂಬರ್ 9, ಭಾನುವಾರ

ಬಾಳೆಹೊಸೂರಿಗೆ ಹೋಗಿ ಬಂದೆವು. ಅತ್ತೆಯ ತಂಗಿಯ ಮಗಳು ಚನ್ನಮ್ಮನ ಕೂಸಿಗೆ ಹೆಸರಿಡುವುದು. ಅವರಲ್ಲಿ ಪದ್ಧತಿ— ಬಂದ ಹೆಂಗಸರೆಲ್ಲ ಸರದಿ ಮೇಲೆ ತೊಟ್ಟಿಲು ತೂಗಬೇಕು, ತವರಿನದೊಂದು ಜೋಗುಳ ಹಾಡಬೇಕು.

ರಾತ್ರಿ ಎರಡು ತಾಸು ನಿದ್ದೆ. ಹಗ್ಗ ನನ್ನ ಕೈಗೆ ಬಂತು.

“ಕಾಲೇಜ್ ಕಲ್ತಾಕಿ,” ಅಂದರು ಚನ್ನಮ್ಮನ ಅತ್ತೆ ಅಮೃತವ್ವ, “ನೆಟ್‌ವರ್ಕ್ ಸಿಗವಲ್ದು ಕಾಣತೈತಿ, ತಡೀರಿ!”

ಎಲ್ಲರೂ ನಕ್ಕರು. ನನ್ನ ಅತ್ತೆ ಮಾತ್ರ ನೆಲ ನೋಡುತ್ತಿದ್ದರು. ಅದನ್ನು ತಾಳಲಾಗಲಿಲ್ಲ. ಬಾಯಿ ತೆರೆದೆ— ಬಂದದ್ದು ಅಂಕಿತಾ ಸುಮ್ಮನಾಗುವ ಆ ಜಪಾನಿ ಹಾಡಿನ ರಾಗ. ನಿಧಾನಕ್ಕೆ, ತೊಟ್ಟಿಲು ಹೋಗಿ ಬರುವಷ್ಟು ನಿಧಾನಕ್ಕೆ. ಹೊಳೆ, ಹುಣ್ಣಿಮೆ, ಅವ್ವ, ಮಲಗು... ಸಿಕ್ಕ ಮಾತು ಹೊಂದಿಸುತ್ತ ಹೋದೆ. ಗಿಟಾರು ತೆಗೆದರೆ ಅದು ಜೋಗುಳವೇ.

“ಎಲ್ಲಿದವಾ ತಂಗಿ ಇದು?” ಅಮೃತವ್ವನೇ ಕೇಳಿದರು.

“ನಮ್ಮ ತವರು ಹಮ್ಮಿಗಿದು ರೀ. ನಮ್ಮಜ್ಜಿ ಕಳಕವ್ವ ಹಾಡತಿದ್ಲು.”

ವಾಪಸ್ ಬಸ್ಸಿನಲ್ಲಿ ಅತ್ತೆ ನನ್ನ ಮೊಣಕಾಲ ಮೇಲೆ ಕೈ ಇಟ್ಟರು. “ಇಷ್ಟ ದಿನ ಎಲ್ಲಿ ಮುಚ್ಚಿಟ್ಟಿದ್ದಿ ಹುಚ್ಚಿ?” ಮದುವೆಯಾಗಿ ಎರಡು ವರ್ಷಕ್ಕೆ ಮೊದಲ ಸಲ ಹಾಗೆ ಮುಟ್ಟಿದ್ದು. ಕೈ ಲಕ್ಷ್ಮೇಶ್ವರದ ತನಕ ಅಲ್ಲೇ ಇತ್ತು.

ನವೆಂಬರ್ 10

ಅಜ್ಜಿ ಹಾಡುತ್ತಿದ್ದದ್ದು ಖರೆ. ಬೆನ್ನು ತಟ್ಟುವ ಬಿರುಸು ಕೈ ನೆನಪಿದೆ, ಎಲೆಅಡಿಕೆಯ ವಾಸನೆ ನೆನಪಿದೆ. ಹಾಡು— ಒಂದು ಸಾಲೂ ಇಲ್ಲ. ಜಪಾನಿಯದು ಎರಡು ಆಲ್ಬಮ್ ಬಾಯಿಪಾಠ.

ನವೆಂಬರ್ 16

ಅತ್ತೆ ಆ ಹಾಡು ಕಲಿತುಬಿಟ್ಟಿದ್ದಾರೆ. ನನಗಿಂತ ಚೆಂದ. ಮೂರು ಮನೆಯ ತೊಟ್ಟಿಲಿಗೆ ಹಾಡಿ ಬಂದರು. ವಿಡಿಯೋ ಮಾಡಿಸಿ ನನ್ನ ಸ್ಟೇಟಸ್‌ಗೆ ಹಾಕಿಸಿದರು. ಪಕ್ಕದಲ್ಲೇ ಕೂತು ಯಾರು ನೋಡಿದರೆಂದು ಕೇಳುತ್ತಿದ್ದಾಗ ನಸ್ರೀನಳ ವಾಯ್ಸ್ ಮೆಸೇಜ್. ಒತ್ತಬಾರದಿತ್ತು.

“ಲೇ! ಇದು ನಮ್ಮ ಹಾಡಲ್ಲೇನ? ಡ್ರಮ್ ಎಲ್ಲಿ ಬಿಟ್ಟು ಬಂದ್ಯಲೇ?” ಆಮೇಲೆ ಅವಳ ನಗು.

“ಯಾರವಾ ಅದು?”

“ಯಾರೋ... ರಾಂಗ್ ನಂಬರ್ ರೀ.” ಅತ್ತೆಯ ಕಣ್ಣೆದುರೇ ಬ್ಲಾಕ್ ಮಾಡಿದೆ. ಮೂರು ವರ್ಷ ಒಂದೇ ರೂಮು. ಬಾಣಂತನದಲ್ಲಿ ಫೋನ್ ಮಾಡಿ, “ನಿದ್ದಿ ಮಾಡಿದ್ಯಾ?” ಎಂದು ನನ್ನನ್ನೇ ಕೇಳಿದವಳು. ಬೇರೆಯವರೆಲ್ಲ ಕೂಸಿನ ನಿದ್ದೆ ಕೇಳಿದ್ದರು.

ನವೆಂಬರ್ 26

ಗದಗಿನಿಂದ ಶಿವರಂಜನಿ ಮೇಡಂ ಬಂದಿದ್ದರು. ಕಾಲೇಜಿನಲ್ಲಿ ಕಲಿಸುತ್ತಾರೆ. ಊರೂರಿನ ಜೋಗುಳ ಕೂಡಿಸಿ ಪುಸ್ತಕ ಮಾಡುತ್ತಾರಂತೆ, ಹಾಡಿಸಿ ಯೂಟ್ಯೂಬಿಗೂ ಹಾಕುತ್ತಾರಂತೆ. ಶನಿವಾರ ಸ್ಟುಡಿಯೋಗೆ ಕರೆದರು.

ಅತ್ತೆಗೆ ಅವರವ್ವನಿಂದ ಬಂದ ನಲವತ್ತು ಜೋಗುಳ ಬರುತ್ತವೆ. ಅಸಲಿ. “ಅವು ಎಲ್ಲಾರ ಮನಿಯಾಗೂ ಅದಾವ್ರಿ,” ಅಂದರು ಮೇಡಂಗೆ. “ಇದನ್ನ ಮೊದಲ ಹಾಕ್ರಿ. ನನ್ನ ಸೊಸಿ ತವರಿಂದು. ಆಕಿ ಅಜ್ಜಿ ಹೆಸರು ಬರೀರಿ.”

ಚಹಾ ಮಾಡುವ ನೆಪದಲ್ಲಿ ಒಳಗೆ ಓಡಿದೆ.

ಗಂಡನಿಗೆ ಹೇಳಿದೆ. ವೀರೇಶ ಹೊಟ್ಟೆ ಹಿಡಿದು ನಕ್ಕರು. “ಜಪಾನದವರು ಲಕ್ಷ್ಮೇಶ್ವರಕ್ಕ ಬಂದು ಕೇಸ್ ಹಾಕ್ತಾರೇನು? ಸುಮ್ನಿರು.”

ಜಪಾನದವರು ಬೇಡ. ಯೂಟ್ಯೂಬಿನಲ್ಲಿ ಆ ಹಾಡನ್ನು ಕೋಟಿ ಜನ ಕೇಳಿದ್ದಾರೆ. ಅವರಲ್ಲಿ ಒಬ್ಬ ಹುಡುಗಿ ಅತ್ತೆಯ ವಿಡಿಯೋ ಕೆಳಗೆ ಕಾಮೆಂಟ್ ಬರೆದರೆ ಸಾಕು. ನಗುವುದು ನನ್ನನ್ನಲ್ಲ, ಹಾಡಿದ ಅತ್ತೆಯನ್ನು. ಅರವತ್ತು ವರ್ಷದ ಆ ದನಿಯನ್ನು.

ನವೆಂಬರ್ 28, ಶುಕ್ರವಾರ, ಸಂಜೆ 7.40

ನಾಳೆ ಎಂಟಕ್ಕೆ ಗಾಡಿ. ಇಳಕಲ್ ಸೀರೆಗೆ ಇಸ್ತ್ರಿ ಆಯಿತು. ಅತ್ತೆ ಬಿಸಿನೀರಲ್ಲಿ ಗಂಟಲು ಮುಕ್ಕಳಿಸಿ ಬಂದು ನನ್ನ ಮುಂದೆ ಕುಳಿತರು, ಶಾಲೆಯ ಹುಡುಗಿಯಂತೆ. “ತಪ್ಪಿದ್ರ ಈಗ ತಿದ್ದವಾ. ನಿಮ್ಮಜ್ಜಿ ಹೆಸರು ಕೆಡಬಾರದು.”

ಹಾಡಿದರು. ತಪ್ಪೇ ಇರಲಿಲ್ಲ. “ಅತ್ತಿ, ಒಂದು ಮಾತು...” ಅಂದೆ. ತಲೆ ಎತ್ತಿದರು. “ಸೀರಿ ಚಲೋ ಐತ್ರಿ,” ಅಂದೆ. ಮೂರನೇ ಸಲ ಹೀಗೆ ಮಾತು ಹೊರಳಿಸಿದ್ದು.

ನಸ್ರೀನ, ನಿನ್ನ ಬ್ಲಾಕ್ ಈಗ ತೆಗೆದೆ. ಯಾರಿಗೂ ಅಲ್ಲವೆಂದು ಬರೆದ ಈ ಹಾಳೆಗಳ ಫೋಟೋ ಕಳಿಸುತ್ತೇನೆ. ಎಲ್ಲ ಓದು. ರಾಂಗ್ ನಂಬರ್ ಅಂದದ್ದನ್ನೂ ಓದು. ಬೈಯುವುದಿದ್ದರೆ ನಾಡಿದ್ದು ಬೈ. ಹಾಡುತ್ತೇನೆ ಅಂದರೆ ನನ್ನ ಬಾಯಿ ತೆರೆಯುತ್ತದೆ, ನಿಜ ಹೇಳುತ್ತೇನೆ ಅಂದರೆ ತೆರೆಯುವುದಿಲ್ಲ. ನೀನು ಫೋನ್ ಮಾಡಿದರೆ ಅತ್ತೆಯ ಮುಂದೆ ಸ್ಪೀಕರ್ ಹಾಕುತ್ತೇನೆ. ಮೊದಲ ಮಾತು ನನ್ನದೇ, ಆಣೆ. ನಡುವೆ ನಿಂತರೆ ಮಾತ್ರ ನೀನು ಮುಂದುವರಿಸು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ, ಹೇಗೂ. ನಾನು ಕಟ್ ಮಾಡಿದರೆ ಮತ್ತೆ ಮಾಡು. ಬೆಳಗಾದರೆ ಅವರು ಸೀರೆ ಉಟ್ಟುಬಿಡುತ್ತಾರೆ, ಆಮೇಲೆ ನನ್ನಿಂದ ಆಗುವುದಿಲ್ಲ. ಅದಕ್ಕೇ, ಬೆಳಗಾಗುವುದರೊಳಗೆ, ಕೈಮುಗಿಯುತ್ತೇನೆ ನಸ್ರೀನ, ಒಂದೇ ಒಂದು ಫೋನ್—