ಮೀನಿನ ತೊಟ್ಟಿಗೆ ಏಳು ದಿನ ಸಾಲಲಿಲ್ಲ

ಕೀರ್ತನಾ,

ಹೆಗ್ಗನಹಳ್ಳಿಯಿಂದ ಬಂದ ತಕ್ಷಣ ಹಾಲ್‌ಗೆ ಓಡಬೇಡ. ಮೊದಲು ಇದನ್ನು ಓದು.

ನಿನ್ನ ಮೀನು ಸತ್ತುಹೋದವು ಕಣಮ್ಮ. ತಪ್ಪು ನಂದೇ. ನೀನು ಅಜ್ಜಿ ಮನೆಯಿಂದ ಬರೋ ಹೊತ್ತಿಗೆ ನಾವು ಕಟ್ಟಿದ ತೊಟ್ಟಿಯಲ್ಲಿ ಓಡಾಡ್ತಿರಲಿ ಅಂತ ನಿನ್ನೆ ಸಂಜೆ ಆರೂ ಮೀನುಗಳನ್ನು ಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಅದರಲ್ಲಿ ಐದು ಸತ್ತು ತೇಲ್ತಿದ್ದವು.

ತೊಟ್ಟಿಯೊಳಗೆ ಹಿಂಬದಿಗೆ ನಿಲ್ಲಿಸಿದ ಥರ್ಮಾಕೋಲ್ ಬಂಡೆಗೆ ಬಳಿದ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತೆ, ಇಪ್ಪತ್ತೊಂದು ದಿನ ನೀರು ಬದಲಾಯಿಸ್ತಾ ಇರಬೇಕು ಅಂತ ನೀನು ಹೇಳಿದ್ದೆ. "ಮೂವತ್ತು ವರ್ಷ ಗಾರೆ ಕೆಲಸ ಮಾಡಿದೋನಿಗೆ ಸಿಮೆಂಟಿಗೆ ನೀರು ಕುಡಿಸೋ ಕ್ಯೂರಿಂಗ್ ಹೇಳ್ಕೊಡ್ತೀಯಾ? ಏಳು ದಿನ ಸಾಕು" ಅಂತ ಗದರಿದೆ. ಗೋಡೆಗೆ ಸಾಕು. ಗೋಡೆಯೊಳಗೆ ಯಾರೂ ಈಜಲ್ಲ.

ಬಾಲ ಹರಿದ ಕಪ್ಪು ಮೀನು ಉಳಿದಿದೆ. ಬಚ್ಚಲಿನ ನೀಲಿ ಬಕೆಟ್‌ನಲ್ಲಿದೆ, ಅಮ್ಮ ಅದರಲ್ಲಿ ಬಟ್ಟೆ ನೆನೆಸದ ಹಾಗೆ ನೋಡ್ಕೋ. ಸತ್ತವನ್ನು ಟೆರೇಸಿನ ಕರಿಬೇವಿನ ಕುಂಡದಲ್ಲಿ ಹೂತಿದ್ದೀನಿ. ತೊಟ್ಟಿಗೆ ಹೊಸ ನೀರು ತುಂಬಿದ್ದೀನಿ, ಇನ್ನು ಇಪ್ಪತ್ತೊಂದು ದಿನ ತುಂಬೋ ತನಕ ನಾನೇ ಬದಲಾಯಿಸ್ತೀನಿ. ನೀನು ಥರ್ಮಾಕೋಲಿನಲ್ಲಿ ಕೆತ್ತಿದ ಬಂಡೆ ತುಂಬಾ ಚೆನ್ನಾಗಿದೆ. ಸಿಟ್ಟಲ್ಲಿ ಕಿತ್ತು ಎಸೀಬೇಡ.

ತಿಂಡಿ ಮುಚ್ಚಿಟ್ಟಿದೆ, ತಿನ್ನು.

ವಿಜಯನಗರದ ಸೈಟಿಗೆ ಹೋಗ್ತಿದ್ದೀನಿ. ಇವತ್ತು ಅಲ್ಲಿ ನನಗೆ ಅಂಥಾ ಕೆಲಸವೇನೂ ಇಲ್ಲ.

ಇನ್ನೊಂದು ವಿಷಯ. ಕರೆಂಟ್ ಹೋಗಿ, ಗಾಳಿ ಬಿಡೋ ಮೋಟರ್ ನಿಂತು ಮೀನು ಸತ್ತವು ಅಂತ ಅಮ್ಮನಿಗೆ ಹೇಳಿದ್ದೀನಿ. ಕರೆಂಟ್ ಹೋಗಿರಲಿಲ್ಲ. ನೀನೇ ನಿಜ ಹೇಳಿಬಿಡು, ನನ್ನ ಬಾಯಲ್ಲಿ ಬರಲಿಲ್ಲ.

ಅಪ್ಪ