ಮೂರು ಭರಣಿ ಲೇಹ್ಯ

ಕೊಯಮತ್ತೂರು,
ಭಾನುವಾರ, 16-2-1958

ಪ್ರೀತಿಯ ನಮ್ಮ ಮಗಳ ಅಪ್ಪನವರಿಗೆ, ಪದ್ಮಾಕ್ಷಿಯ ನಮಸ್ಕಾರಗಳು.

ಹೇಗಿದ್ದೀರಿ? ಅಹಮದಾಬಾದಿನ ಚಳಿಗೆ ಹತ್ತಿದ ಕೆಮ್ಮು ಬಿಟ್ಟಿತೆ? ಅಲ್ಲಿ ಸಾರಿಗೂ ಬೆಲ್ಲ ಸುರಿಯುತ್ತಾರೆಂದು ಬರೆದಿದ್ದಿರಿ. ಒಗ್ಗದಿದ್ದರೆ ಮೊಸರನ್ನ ಕಲಸಿಕೊಂಡು ತಿನ್ನಿ, ಹಟಕ್ಕೆ ಉಪವಾಸ ಮಲಗಬೇಡಿ. ಹೊಸ ಮಗ್ಗಗಳ ಕೆಲಸ ಕಲಿತು ಪೆರಿಯನಾಯಕನಪಾಳ್ಯದ ಮಿಲ್ಲಿಗೆ ನೀವು ವಾಪಸ್ಸು ಬರುವಾಗ ಮಗಳು ಗುರುತು ಹಿಡಿಯುವಷ್ಟಾದರೂ ಮೈಯಲ್ಲಿ ಮಾಂಸ ಉಳಿದಿರಲಿ. ಇಲ್ಲಿ ನಾನು ಚೆನ್ನಾಗಿದ್ದೇನೆ. ಮಗಳು ನನಗಿಂತ ಚೆನ್ನಾಗಿದ್ದಾಳೆ. ಮೂಗು ನಿಮ್ಮದೇ ಬಂದಿದೆ, ಪಾಪ, ಏನು ಮಾಡುವುದು. ಕೋಪ ಮಾತ್ರ ನನ್ನದಂತೆ, ಮಾವ ಹೇಳುತ್ತಾರೆ. ಹಾಲಿಗೆ ಸ್ವಲ್ಪ ತಡವಾದರೆ ಮುಖ ಕೆಂಪಗೆ ಮಾಡಿಕೊಂಡು ಬೀದಿಗೆಲ್ಲ ಕೇಳುವ ಹಾಗೆ ಅರಚುತ್ತಾಳೆ. ಇವತ್ತು ನಾನು ಯಾರ ಕೈಯನ್ನೂ ಹಿಡಿಯದೆ ಅವಳನ್ನು ಎತ್ತಿಕೊಂಡು ಜಗುಲಿಯವರೆಗೆ ನಡೆದೆ. ಆ ಸಂತೋಷಕ್ಕೇ ಈ ಕಾಗದ ಹಿಡಿದು ಕೂತಿದ್ದೇನೆ.

ಕಾಲಿನ ವಿಷಯ ಮಾವ ನಿಮಗೆ ಬರೆದಿದ್ದರಂತೆ. ಅವರ ಬರವಣಿಗೆ ನನಗೆ ಗೊತ್ತಿಲ್ಲವೇ, "ಸ್ವಲ್ಪ ಊತ, ಗಾಬರಿ ಬೇಡ" ಎಂದು ಮುಗಿಸಿರುತ್ತಾರೆ. ನಡೆದದ್ದನ್ನೆಲ್ಲ ನಾನು ಹೇಳುತ್ತೇನೆ. ಅತ್ತೆ ಕನ್ನಡ ಮಾತಾಡುತ್ತಾರೆಯೇ ಹೊರತು ಓದಲು ಬಾರದು, ಆದ್ದರಿಂದ ಧೈರ್ಯವಾಗಿ ಬರೆಯಬಹುದು. ಹೆರಿಗೆಯಾಗಿ ಒಂದು ವಾರಕ್ಕೆಲ್ಲ ನನ್ನ ಎಡಗಾಲು ಬಾಳೆದಿಂಡಿನ ಹಾಗೆ ಬೆಳ್ಳಗೆ ಊದಿಕೊಂಡಿತು. ಆಸ್ಪತ್ರೆಯ ಡಾಕ್ಟರ್ ದೇವರಾಜನ್ ನೋಡಿ, ಕಾಲಿನ ನರದೊಳಗೆ ರಕ್ತ ಹೆಪ್ಪುಗಟ್ಟಿದೆ, ಅದು ಕಿತ್ತುಕೊಂಡು ಎದೆಗೆ ಏರಿದರೆ ಜೀವಕ್ಕೇ ಅಪಾಯ ಎಂದರು. ರಕ್ತ ತೆಳುವಾಗಲು ಮಾತ್ರೆ ಕೊಟ್ಟರು. ತೀರಾ ತೆಳುವಾದರೂ ಕಷ್ಟವಂತೆ, ಅದಕ್ಕೇ ವಾರಕ್ಕೊಮ್ಮೆ ರಕ್ತ ತೆಗೆದು ಪರೀಕ್ಷೆ ಮಾಡಬೇಕಂತೆ. ಹೊರಡುವಾಗ, "ವೇರೆ ಮರುಂದು ಏದಾವದು ಸಾಪ್ಪಿಡ್ರೀಂಗಳಾ?" ಎಂದು ಕೇಳಿದರು. ಬೇರೆ ಮದ್ದು ಏನಾದರೂ ತಿನ್ನುತ್ತೀರಾ ಎಂದು. ಅತ್ತೆ, ನನ್ನಮ್ಮ, ನಾನು ಮೂವರೂ ಒಟ್ಟಿಗೇ ಇಲ್ಲವೆಂದು ತಲೆಯಾಡಿಸಿದೆವು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಣಂತಿ ಲೇಹ್ಯವನ್ನು ಮದ್ದು ಎಂದು ನಮ್ಮಲ್ಲಿ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ ಹೇಳಿ. ಅನ್ನ ಸಾರಿನ ಹಾಗೆ ಅದೂ ಒಂದು ಊಟ.

ಈಗ ಲೇಹ್ಯದ ಕಥೆ ಕೇಳಿ. ಪರೀಕ್ಷೆಗೆ ಹತ್ತಿರದಲ್ಲೇ ಇರಬೇಕೆಂದು ಡಾಕ್ಟರು ಹೇಳಿದ್ದರಿಂದ ನನ್ನನ್ನು ತವರಿಗೆ ಕರೆದುಕೊಂಡು ಹೋಗಲಾಗಲಿಲ್ಲ. ಕರೆದುಕೊಂಡು ಹೋಗಲೆಂದೇ ಬಂದಿದ್ದ ಅಮ್ಮ ಪೊಳ್ಳಾಚಿಯಿಂದ ತನ್ನ ಭರಣಿ ತರಿಸಿಕೊಂಡು ಇಲ್ಲೇ ಬಿಡಾರ ಹೂಡಿದಳು. ಅತ್ತೆ ಆಗಲೇ ತಮ್ಮ ಭರಣಿ ತುಂಬಿಸಿ ಇಟ್ಟಿದ್ದರು. ಒಂದು ಮನೆಯಲ್ಲಿ ಇಬ್ಬರು ಬೀಗಿತ್ತಿಯರು, ಇಬ್ಬರದೂ ಒಂದೊಂದು ಲೇಹ್ಯ. ನೀವು ದೂರದಲ್ಲಿದ್ದದ್ದು ನಿಮ್ಮ ಪುಣ್ಯ. ಬೆಳಿಗ್ಗೆ ಎಣ್ಣೆನೀರಾದ ಕೂಡಲೇ ಅತ್ತೆ ತುಪ್ಪ ತೇಲುವ ಒಂದು ಉಂಡೆ ಬಾಯಿಗೆ ಹಾಕುತ್ತಿದ್ದರು. ಅವರು ಪೂಜೆಗೆ ಕೂತರೆ ಸರಿ, ಅಮ್ಮ ಸೆರಗಿನ ಮರೆಯಲ್ಲಿ ತಂದು, "ನಿಮ್ಮತ್ತೇದು ಲೇಹ್ಯ ಅಲ್ಲ ಕಣೆ, ಬರೀ ಸಿಹಿ. ಇದ ತಿನ್ನು, ಅವರ ಹತ್ರ ಹೇಳ್ಬೇಡ" ಎನ್ನುತ್ತಿದ್ದಳು. ಅಮ್ಮನದು ತಾಳೆಯ ಕರುಪ್ಪಟ್ಟಿ ಬೆಲ್ಲದ್ದು, ಕಪ್ಪಗೆ, ಗಂಟಲು ಉರಿಯುವಷ್ಟು ಹಿಪ್ಪಲಿ. ಮಧ್ಯಾಹ್ನ ಇಬ್ಬರೂ ಕಣ್ಣು ಮುಚ್ಚಿದ ಹೊತ್ತಿಗೆ ಪಕ್ಕದ ಮನೆಯ ಸೆಲ್ಲಮ್ಮ ಹಿತ್ತಿಲ ಬಾಗಿಲಿಂದ ಬರುತ್ತಿದ್ದರು. ಅವರದು ಮುಕ್ಕಾಲು ಪಾಲು ಬೆಳ್ಳುಳ್ಳಿ. "ಅವುಂಗಳುಕ್ಕು ಪೂಂಡು ಅರುಮೆ ಎನ್ನ ತೆರಿಯುಂ, ಸಾಪ್ಪುಡು ಕಣ್ಣು" ಎನ್ನುತ್ತಾ, ಬೆಳ್ಳುಳ್ಳಿಯ ಬೆಲೆ ನಮ್ಮವರಿಗೇನು ಗೊತ್ತು ಎಂದು ನನ್ನ ತಲೆ ಸವರಿ ತಿನ್ನಿಸುತ್ತಿದ್ದರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ನಾನು ಮೂರನ್ನೂ ನುಂಗಿದೆ. ನಿಜ ಹೇಳುತ್ತೇನೆ, ರುಚಿಯಾಗಿಯೂ ಇದ್ದವು.

ಮಾತ್ರೆ ಶುರುವಾದ ಎರಡನೆಯ ವಾರ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂತು. ಉಗುಳಿದಷ್ಟೂ ಬರುತ್ತಲೇ ಇತ್ತು. ತೋಳಿನ ಮೇಲೆ, ತೊಡೆಯ ಮೇಲೆ, ಎಲ್ಲೂ ತಗುಲಿಸಿಕೊಳ್ಳದಿದ್ದರೂ ನೇರಳೆಹಣ್ಣಿನ ಬಣ್ಣದ ಕಲೆಗಳು. ಅದುವರೆಗೆ ಉಪ್ಪಿನ ವಿಷಯಕ್ಕೂ ಒಪ್ಪದ ಬೀಗಿತ್ತಿಯರು ಅವತ್ತು ಒಂದಾದರು. ಇಂಗ್ಲಿಷ್ ಮಾತ್ರೆಯ ಉಷ್ಣದಿಂದಲೇ ಹೀಗಾಗಿದೆ, ಮಾತ್ರೆ ನಿಲ್ಲಿಸಿ ಲೇಹ್ಯ ಇನ್ನೊಂದು ಉಂಡೆ ಹೆಚ್ಚಿಗೆ ಕೊಟ್ಟರೆ ಸರಿಹೋಗುತ್ತದೆ ಎಂದು ತೀರ್ಮಾನವಾಯಿತು. ಅತ್ತೆ ಮಾತ್ರೆಯ ಸೀಸೆ ತೆಗೆದು ಮೇಲಿನ ಅಟ್ಟಕ್ಕೆ ಇಟ್ಟರು. ನಾನು ಮಗುವನ್ನು ನೋಡಿದೆ. ನನಗೇನಾದರೂ ಆದರೆ ಇವಳ ಗತಿಯೇನು ಎನ್ನಿಸಿತು. ಅತ್ತೆಗೆ ಒಂದು ದಿನವೂ ಎದುರಾಡಿದವಳಲ್ಲ ನಾನು, ನಗಬೇಡಿ, ದೊಡ್ಡ ವಿಷಯಗಳಲ್ಲಿ ಎದುರಾಡಿದವಳಲ್ಲ. ಅವತ್ತು ಮಾತ್ರ, ನಿಲ್ಲಿಸುವುದಾದರೆ ಡಾಕ್ಟರೇ ಹೇಳಲಿ, ಈಗಲೇ ಗಾಡಿ ತರಿಸಿ ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಮಾವ ಚಪ್ಪಲಿ ಮೆಟ್ಟಿಕೊಂಡು ಜಟಕಾ ತರಲು ಹೋದರು.

ಆಸ್ಪತ್ರೆಗೆ ಸೆಲ್ಲಮ್ಮನೂ ಬಂದರು. ರಕ್ತ ನೋಡಿದ ಡಾಕ್ಟರ ಮುಖ ಸಣ್ಣದಾಯಿತು. ಹೇಳಿದ್ದಕ್ಕಿಂತ ಹೆಚ್ಚು ಮಾತ್ರೆ ತಿಂದೆಯಾ ಎಂದರು, ಇಲ್ಲ ಎಂದೆ. ಹಾಗಾದರೆ ಬೆಳಗಿನಿಂದ ಬಾಯಿಗೆ ಏನೇನು ಹಾಕಿಕೊಳ್ಳುತ್ತೀಯೋ ಒಂದೂ ಬಿಡದೆ ಹೇಳು, ಊಟವನ್ನೂ ಸೇರಿಸಿ ಎಂದರು. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಎಣ್ಣೆನೀರಾದ ಮೇಲೆ ಅತ್ತೆಯ ಲೇಹ್ಯ ಎಂದೆ. ಅತ್ತೆ ಹೌದೆಂದು ಹೆಮ್ಮೆಯಿಂದ ತಲೆಯಾಡಿಸಿದರು. ಪೂಜೆ ಹೊತ್ತಿಗೆ ಅಮ್ಮನ ಲೇಹ್ಯ ಎಂದೆ. ಅತ್ತೆ ಅಮ್ಮನ ಕಡೆ ತಿರುಗಿದರು. ಮಧ್ಯಾಹ್ನ ಸೆಲ್ಲಮ್ಮನ ಲೇಹ್ಯ ಎಂದಾಗ ಇಬ್ಬರೂ ಸೆಲ್ಲಮ್ಮನ ಕಡೆ ತಿರುಗಿದರು. ಸೆಲ್ಲಮ್ಮ ಗೋಡೆಯ ಕಡೆ ತಿರುಗಿದರು. ಅಷ್ಟು ಭಯದಲ್ಲೂ ನನಗೆ ನಗು ತಡೆಯಲಾಗಲಿಲ್ಲ, ನಕ್ಕರೆ ಒಸಡು ನೋವು. ಅದರಲ್ಲೆಲ್ಲ ಏನೇನಿದೆ ಎಂದು ಡಾಕ್ಟರು ಕೇಳಿದ್ದೇ ತಡ, ಬೆಳ್ಳುಳ್ಳಿ, ಇಂಗು, ಒಣಶುಂಠಿ, ಅರಿಶಿನ ಎಂದು ಮೂವರೂ ನಾ ಮುಂದು ತಾ ಮುಂದು ಎಂದು ಒಪ್ಪಿಸಿದರು. ಅವರು ಪೂರ್ತಿ ಕೇಳಿಸಿಕೊಂಡರು. ಇವೆಲ್ಲ ಒಳ್ಳೆಯ ಸಾಮಾನೇ, ನನ್ನ ಹೆಂಡತಿಗೂ ನಮ್ಮಮ್ಮ ಕೊಟ್ಟಿದ್ದಾರೆ, ಇದರಲ್ಲಿ ಯಾವುದು ಈ ಮಾತ್ರೆಯ ಜೊತೆ ಸೇರಿ ರಕ್ತವನ್ನು ಇಷ್ಟು ತೆಳು ಮಾಡಿತೋ ನಾನು ಹೇಳಲಾರೆ, ಆದರೆ ಮಾತ್ರೆ ತಿನ್ನುವವರೆಗೆ ನನ್ನನ್ನು ಕೇಳದೆ ಒಂದು ಚಿಟಿಕೆಯೂ ಬೇಡ ಎಂದರು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಿದ್ದರೆ ಇವಳನ್ನು ಇಲ್ಲಿಗೆ ತರುವಷ್ಟು ಹೊತ್ತೂ ಸಿಗದೆ ಹೋಗಬಹುದಿತ್ತು ಎಂದೂ ಹೇಳಿದರು. ನನ್ನನ್ನು ಅಲ್ಲೇ ಇಟ್ಟುಕೊಂಡು ಸೂಜಿ ಹಾಕಿ, ರಕ್ತ ಹದಕ್ಕೆ ಬಂದ ಮೇಲೆ ಮತ್ತೆ ಅದೇ ಮಾತ್ರೆ ಶುರು ಮಾಡಿದರು. ಮಗುವನ್ನೂ ನೋಡಿ ಏನೂ ತೊಂದರೆಯಿಲ್ಲ ಎಂದರು. ಈಗ ಕಲೆಗಳೆಲ್ಲ ಮಾಸಿವೆ. ಕಾಲಿನ ಊತ ಇಳಿದು ಗೆಜ್ಜೆ ಸಲೀಸಾಗಿ ಏರುತ್ತದೆ.

ಅಮ್ಮ ಒಂದು ದಿನ ಅತ್ತು ಸುಮ್ಮನಾದಳು. ಸೆಲ್ಲಮ್ಮನಿಗೆ ಅದೂ ಬೇಕಾಗಲಿಲ್ಲ, ಉಳಿದ ಲೇಹ್ಯವನ್ನು ತಾವೇ ತಿಂದು ಮುಗಿಸುತ್ತಿದ್ದಾರೆ. ಆದರೆ ನಿಮ್ಮಮ್ಮನ ವಿಷಯ ನನ್ನನ್ನು ತಿನ್ನುತ್ತಿದೆ. ಆಸ್ಪತ್ರೆಯಿಂದ ಬಂದಂದಿನಿಂದ ಅವರು ಮಗುವನ್ನು ಮುಟ್ಟಿಲ್ಲ. ಬಟ್ಟೆ ಒಗೆಯುತ್ತಾರೆ, ನನಗೆ ಬಿಸಿನೀರು ಕಾಯಿಸುತ್ತಾರೆ, ಮಗು ಅತ್ತರೆ ಮಾತ್ರ ದೂರ ನಿಂತು ಅಮ್ಮನನ್ನು ಕರೆದು, "ನೀವೇ ಎತ್ಕೊಳ್ಳಿ, ನನ್ನ ಕೈ ಸರಿಯಿಲ್ಲ" ಎನ್ನುತ್ತಾರೆ. ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. ಅದೇ ಲೇಹ್ಯ ತಿಂದು ನೀವು ಹಾಲೂಡಿದ್ದಕ್ಕೇ ನಿಮ್ಮ ಮಗ ಹುಟ್ಟಿದಾಗಿನಿಂದ ಗಟ್ಟಿಯಾಗಿರುವುದು ಎಂದೆ, ಅದಕ್ಕೆ ಕಣ್ಣು ಒರೆಸಿಕೊಂಡು ಒಳಗೆ ಹೋದರು. ನೀವೊಂದು ಕಾಗದ ಬರೆಯಿರಿ, ಮಾವ ಓದಿ ಹೇಳುತ್ತಾರೆ. ಬೈದು ಬರೆದರೆ ನಾನು ನಿಮ್ಮೊಡನೆ ಮಾತೇ ಬಿಡುತ್ತೇನೆ. ನನ್ನ ಮೇಲಿನ ಆಸೆಗೆ ಮಾಡಿದ್ದು ತಾನೇ? ನನಗೆ ಅವರ ಮೇಲೆ ಎಳ್ಳಷ್ಟೂ ಕೋಪವಿಲ್ಲ. ಅವರಿಲ್ಲದೆ ನನ್ನ ಮಗಳಿಗೆ ಅಜ್ಜಿಯ ತೊಡೆ ಎಲ್ಲಿಂದ ತರಲಿ.

ಮಾವ, ಅತ್ತೆ, ಅಮ್ಮ ಎಲ್ಲರೂ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಸೆಲ್ಲಮ್ಮ ನಿಮ್ಮ ಕೆಮ್ಮಿಗೆ ಏನೋ ಕಳಿಸುತ್ತೇನೆ ಎಂದರು, ಬೇಡವೆಂದೆ. ಮಗಳು ನಿದ್ದೆಯಲ್ಲಿ ನಗುತ್ತಿದ್ದಾಳೆ, ಅದು ನಿಮ್ಮ ಪಾಲಿಗೆ.

ನಿಮ್ಮ ದಾರಿ ಕಾಯುತ್ತಿರುವ,
ಪದ್ಮಾಕ್ಷಿ

ತಾ. ಕ.: ಲಕೋಟೆ ಅಂಟಿಸುವ ಹೊತ್ತಿಗೆ ಅತ್ತೆ ಬಂದರು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಡಾಕ್ಟರ ಮಾತ್ರೆ. "ಹೊತ್ತಾಯ್ತು, ಬಾಯಿ ತೆಗಿ" ಎಂದು ತಾವೇ ನನ್ನ ನಾಲಗೆಯ ಮೇಲಿಟ್ಟು, ನುಂಗುವವರೆಗೆ ನೋಡುತ್ತಾ ನಿಂತರು. ಅಷ್ಟರಲ್ಲಿ ಮಗಳು ಎದ್ದು ಅತ್ತಳು. ಅಮ್ಮ ಹಿತ್ತಿಲಲ್ಲಿದ್ದಳು. ಅತ್ತೆ ಸ್ವಲ್ಪ ತಡೆದು, ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿಕೊಂಡರು. ಈಗ ಜಗುಲಿಯಲ್ಲಿ ಅವಳೊಡನೆ ಅದೇನೋ ಮಾತಾಡುತ್ತಿದ್ದಾರೆ. ಸಮಾಧಾನದ ಕಾಗದ ಬರೆಯಬೇಡಿ. ಯಾವ ರೈಲಿಗೆ ಬರುತ್ತೀರೆಂದು ಬರೆಯಿರಿ.