ಅಮ್ಮನ ಕಣ್ಣು ಪಾಸಾದ ಬಗ್ಗೆ ಒಂದು ಆಕ್ಷೇಪಣೆ

ಕಣ್ಣುಳ್ಳ ಮಹನೀಯರೇ, ಕನ್ನಡಕವುಳ್ಳ ಮಾನನೀಯರೇ, ಎರಡೂ ಇಲ್ಲದೆ ಇದನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುತ್ತಿರುವ ಸಹನಶೀಲರೇ, ಮುಖ್ಯವಾಗಿ ಉಚಿತ ನೇತ್ರ ಶಿಬಿರದ ಮೇಲಧಿಕಾರಿಗಳೇ,

ಎರಡೂ ಕಣ್ಣಿಗೆ ಪೊರೆ ಬಂದಿರುವ ನನ್ನ ಅಮ್ಮನನ್ನು ತಮ್ಮ ಶಿಬಿರವು ‘ದೃಷ್ಟಿ ಉತ್ತಮ’ ಎಂದು ಹರಸಿ ಮನೆಗೆ ಕಳಿಸಿದೆ. ಇದಕ್ಕೆ ನನ್ನ ತೀವ್ರ ಆಕ್ಷೇಪಣೆಯಿದೆ.

ಅಮ್ಮ ಬಟ್ಟೆ ಹೊಲಿಯುವವಳು. ನಾನೀಗ ತೊಟ್ಟಿರುವ ಅಂಗಿ ಅವಳದೇ ಕೈಕೆಲಸ. ಜೇಬು ಬೆನ್ನ ಮೇಲಿದೆ. ಬಸ್ಸಿನಲ್ಲಿ ಕಳ್ಳರಿಗೆ ಅನುಕೂಲ, ನನಗೆ ಪ್ರತಿಕೂಲ. ಎದುರುಮನೆ ಕ್ಷೌರಿಕನ ಪ್ಯಾಂಟಿನ ಒಂದು ಕಾಲನ್ನು ಕೆಳಗೆ ಪೂರ್ತಿ ಹೊಲಿದು ಮುಚ್ಚಿದ್ದಾಳೆ. “ಅಕ್ಕಾ, ಇದನ್ನ ಹಾಕ್ಕೊಂಡು ಕುಂಟ್ಲಾ, ನೆಗೀಲಾ?” ಎಂದು ಆತ ಕೇಳಿದರೆ, “ಫ್ಯಾಷನ್ ಬಗ್ಗೆ ನಿಂಗೇನು ಗೊತ್ತು?” ಎಂದು ಅವನನ್ನೇ ದಬಾಯಿಸಿದಳು.

ಇಂಥವಳು ತಮ್ಮಲ್ಲಿ ಪಾಸಾದದ್ದು ಹೇಗೆ? ಒಂದೇ ಕೋಣೆ, ಒಂದೇ ಗೋಡೆ, ಗೋಡೆಗೆ ಒಂದೇ ಅಕ್ಷರಪಟ. ಮುಂದಿನವರು ಗಟ್ಟಿಯಾಗಿ ಓದುತ್ತಾರೆ, ಹಿಂದಿನವರು ಬಾಯಿಪಾಠ ಮಾಡುತ್ತಾರೆ. ಇದು ನೋಟದ ಪರೀಕ್ಷೆಯೋ, ಪಾಠದ ಪರೀಕ್ಷೆಯೋ? ತಮ್ಮ ಸಹಾಯಕ ಅಕ್ಷರ ತೋರಿಸಲು ಕೋಲು ಎತ್ತುವ ಮೊದಲೇ ಅಮ್ಮ ಕೊನೆಯ ಸಾಲು ಮುಗಿಸಿದ್ದಳು.

“ಅಜ್ಜೀ, ನಾನಿನ್ನೂ ತೋರಿಸೇ ಇಲ್ಲ.”

“ನೀನು ನಿಧಾನ ಕಣಪ್ಪ. ಮೇಲಿಂದ ಹೇಳ್ಲಾ, ಕೆಳಗಿಂದ ಹೇಳ್ಲಾ?”

ಆತ ಮೆಚ್ಚಿ ತಲೆದೂಗಿದ. ಟಾರ್ಚು ಹಿಡಿದು ಕಣ್ಣೊಳಗೆ ಇಣುಕುವ ಗೋಜಿಗೆ ಹೋಗಲಿಲ್ಲ. ಹೊರಗಿದ್ದ ನಾನು ಕಿಟಕಿಯಿಂದ, “ಸಾರ್, ಅವಳಿಗೆ ಕಾಣ್ಸಲ್ಲ” ಎಂದು ಕೂಗಿದರೆ, “ರೀ, ಹೊರಗಿಂದ ಹೇಳ್ಕೊಡಬೇಡಿ” ಎಂದು ಗದರಿದ. ಹೊರಡುವಾಗ ಅಮ್ಮ ಗೂಟಕ್ಕೆ ನೇತುಹಾಕಿದ್ದ ಬಿಳಿ ಕೋಟಿನ ಎದುರು ನಿಂತು, “ಬರ್ತೀನಿ ಡಾಕ್ಟ್ರೇ. ಹೊತ್ತೊತ್ತಿಗೆ ಊಟ ಮಾಡಿ, ತುಂಬಾ ಸೊರಗಿದೀರಿ” ಎಂದಳು. ಆಗಲೂ ಯಾರಿಗೂ ಅನುಮಾನ ಬರಲಿಲ್ಲ. ಪೊರೆ ಬಂದಿರುವುದು ಯಾರ ಕಣ್ಣಿಗೆ, ಸ್ವಾಮಿ?

ಆದ್ದರಿಂದ ನನ್ನ ಆಗ್ರಹ: ಒಬ್ಬೊಬ್ಬರಿಗೂ ಬೇರೆ ಪಟ ಹಿಡಿಯಿರಿ, ಬಾಯಿ ಕೇಳುವ ಮೊದಲು ಕಣ್ಣು ನೋಡಿರಿ, ತಪ್ಪಿದಲ್ಲಿ ನಾನು ಉಗ್ರ…

ಸಾಕು ಸಾರ್. ಈ ಜಗಳ ಇನ್ನು ನನ್ನಿಂದಾಗದು. ಅಮ್ಮ ಬೇಕೆಂದೇ ಪಾಸಾದಳು. ಅವಳಿಗೆ ಆಪರೇಷನ್ ಎಂದರೆ ಭಯ. “ಕತ್ತರಿ ಹಾಕಿದ ಬಟ್ಟೆ ಮತ್ತೆ ಮೊದಲಿನ ಹಾಗಾಗುತ್ತೇನೋ?” ಎನ್ನುತ್ತಾಳೆ. ನಿನ್ನೆ ಮಿಷನ್ನಿನ ಸೂಜಿ ಅವಳ ಬೆರಳಿಗೇ ಇಳಿಯಿತು. ನನಗೆ ಗೊತ್ತಾಗದಿರಲೆಂದು ಚಿಂದಿ ಸುತ್ತಿಕೊಂಡು ಹೊಲಿಯುತ್ತಲೇ ಇದ್ದಳು. ಪೊರೆ ತೆಗೆಸಿಕೊಂಡು ಕಣ್ಣು ಕಾಣುವಂತಾಗಿರುವ ಯಾರಾದರೊಬ್ಬ ಹೆಂಗಸನ್ನು ನಮ್ಮ ಮನೆಗೆ ಕಳಿಸಿ. ಅಂಥವರು ಹೇಳಿದರೆ ಕೇಳಿಯಾಳು.

ಇಂತಿ,
ಅಮ್ಮನಿಗೆ ಬುದ್ಧಿ ಹೇಳಲು ಹೋಗಿ ಬೈಸಿಕೊಂಡು ಬಂದ ಮಗ